ಹನಿಗಳ ಲೆಕ್ಕ ಹಿಡಿದವನು

ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾನು ಮೊತ್ತಮೊದಲು ಬ್ಯೂರೆಟ್ಟನ್ನು ಹಿಡಿದ ದಿನ ಒಂದೇ ಒಂದು ಹನಿ ಹೆಚ್ಚಾಗಿ ಬಿದ್ದು, ಮಧ್ಯಾಹ್ನದ ಕೆಲಸವೆಲ್ಲ ವ್ಯರ್ಥವಾಯಿತು. ಒಂದು ಹನಿಗೆ ಇಷ್ಟೇಕೆ ಬೆಲೆಯೆಂಬುದು ಅಂದು ನನಗೆ ತಿಳಿಯಲಿಲ್ಲ. ತಿಳಿದುದು ಬಹುಕಾಲದ ಮೇಲೆ, ಫ್ರೆಂಚ್ ವಿಜ್ಞಾನಿ ಜೋಸೆಫ್ ಲೂಯಿ ಗೇ-ಲುಸಾಕನ ಚರಿತ್ರೆಯನ್ನು ಓದಿದಾಗ.

ಈತನು ಹುಟ್ಟಿದ್ದು 1778ರ ಡಿಸೆಂಬರ್ 6ರಂದು, ಮಧ್ಯ ಫ್ರಾನ್ಸಿನ ಸೇಂಟ್ ಲಿಯೊನಾರ್ ಎಂಬ ಊರಿನಲ್ಲಿ. ಮಹಾಕ್ರಾಂತಿಯ ಕಾಲದಲ್ಲಿ ತಂದೆ ಸೆರೆಮನೆ ಕಂಡನು. ಮಗನು 1797ರಲ್ಲಿ ಪ್ಯಾರಿಸಿನ ಪಾಲಿಟೆಕ್ನಿಕ್ ಸೇರಿ, ಮುಂದೆ ರಸಾಯನಜ್ಞ ಬರ್ತೊಲೆಯ ಸಹಾಯಕನಾದನು. ಗುರುವು ನಿರೀಕ್ಷಿಸಿದ್ದುದಕ್ಕೆ ವಿರುದ್ಧವಾದ ಫಲವನ್ನು ಶಿಷ್ಯನು ತಂದೊಪ್ಪಿಸಿದಾಗ ಗುರುವು ಮುನಿಯದೆ ಮೆಚ್ಚಿಕೊಂಡನಂತೆ. ಅಂಥ ಗುರು ದೊರೆಯುವುದು ಎಲ್ಲರ ಭಾಗ್ಯವಲ್ಲ. 1804ರಲ್ಲಿ ಬಲೂನಿನಲ್ಲಿ ಒಬ್ಬನೇ ಏಳು ಸಾವಿರ ಮೀಟರಿಗೂ ಮೇಲೇರಿ, ಅಲ್ಲಿಯ ಗಾಳಿಯನ್ನು ಸೀಸೆಯಲ್ಲಿ ಹಿಡಿದು ತಂದು, ಅದರಲ್ಲಿಯೂ ಆಮ್ಲಜನಕದ ಪ್ರಮಾಣ ನೆಲದ ಗಾಳಿಯಲ್ಲಿರುವಷ್ಟೇ ಎಂದು ತೋರಿಸಿದನು. 1808ರಲ್ಲಿ ಅನಿಲಗಳ ಗಾತ್ರದ ನಿಯಮವನ್ನು ಪ್ರಕಟಿಸಿದನು. ಆ ವರ್ಷವೇ ಪೊಟ್ಯಾಸಿಯಮ್ಮಿನ ಪ್ರಯೋಗವೊಂದು ಸಿಡಿದು, ಕಣ್ಣಿಗೆ ಪೆಟ್ಟಾಗಿ ಬಹಳ ನೊಂದನು.

ಪಠ್ಯಪುಸ್ತಕಗಳು ಹೊಗಳುವುದು ಬಲೂನನ್ನು, ಅನಿಲಗಳನ್ನು. ನನ್ನ ಮನಸ್ಸು ನಿಲ್ಲುವುದು ಬೇರೊಂದೆಡೆಯಲ್ಲಿ.

ಎರಡು ಪಾತ್ರೆಗಳಲ್ಲಿ ಒಂದೇ ಬಗೆಯ ದ್ರಾವಣಗಳಿವೆ. ಎರಡೂ ನೀರಿನಂತೆ ತಿಳಿ. ಯಾವುದರಲ್ಲಿ ಸಾರ ಹೆಚ್ಚು? ಆಮ್ಲವನ್ನು ನಾಲಗೆಗೆ ಹಚ್ಚಿ ನೋಡುವಂತಿಲ್ಲ. ಸಾರ ಗೊತ್ತಿರುವ ಮೂರನೆಯ ದ್ರಾವಣವೊಂದನ್ನು ಮಧ್ಯಸ್ಥನಂತೆ ಕರೆದು, ಪ್ರತಿಯೊಂದೂ ಅದರಲ್ಲಿ ಎಷ್ಟನ್ನು ಬಳಸಿಕೊಳ್ಳುತ್ತದೆಂದು ಅಳೆದರೆ ಉತ್ತರ ದೊರೆಯುತ್ತದೆ. ಈ ಉಪಾಯ ಅವನೊಬ್ಬನದಲ್ಲ. ಅವನ ದೇಶದವನೇ ಆದ ದೆಕ್ರುವಾಜಿ ಎಂಬಾತನು ಮೊದಲೇ ಬಟ್ಟೆ ಬಿಳುಪಿಸುವ ದ್ರವವನ್ನು ನೀಲಿಯ ದ್ರಾವಣದಿಂದ ಹೀಗೆ ಪರೀಕ್ಷಿಸಿದ್ದನು. 1824ರಲ್ಲಿ ಗೇ-ಲುಸಾಕನು ಅದನ್ನು ತಿದ್ದಿ ಖಚಿತಗೊಳಿಸಿದನು. ಆದರೆ ಅದರ ನಿಜವಾದ ಪರೀಕ್ಷೆ ನಡೆದದ್ದು ಪ್ಯಾರಿಸಿನ ಟಂಕಸಾಲೆಯಲ್ಲಿ.

1829ರಲ್ಲಿ ಅವನು ಅಲ್ಲಿಯ ಮುಖ್ಯ ಪರೀಕ್ಷಕನಾದನು. ಹಿಂದಿನಿಂದ ಬಂದ ಪದ್ಧತಿಯಲ್ಲಿ ಬೆಳ್ಳಿಯನ್ನು ಸೀಸದೊಡನೆ ಮೂಳೆಬೂದಿಯ ಪುಟ್ಟ ಬಟ್ಟಲಲ್ಲಿ ಪುಟವಿಟ್ಟು, ಉಳಿದುದನ್ನು ತೂಗುತ್ತಿದ್ದರು. ಬೆಂಕಿಯಲ್ಲಿ ಕೊಂಚ ಬೆಳ್ಳಿ ಹಾರುತ್ತಿತ್ತು. ಕೊಂಚ ಬಟ್ಟಲಿಗೆ ಇಂಗುತ್ತಿತ್ತು. ಆದುದರಿಂದ ಸರಿಯಾದ ನಾಣ್ಯವೂ ಸಾವಿರದಲ್ಲಿ ಕೆಲವು ಭಾಗ ಕಡಮೆಯೆಂದು ತೋರುತ್ತಿತ್ತು. ಆ ತೋರಿಕೆಯನ್ನು ತುಂಬಲು ಬೊಕ್ಕಸ ಹೆಚ್ಚು ಬೆಳ್ಳಿ ಸೇರಿಸಬೇಕು! ಸಾವಿರಕ್ಕೆ ನಾಲ್ಕೆಂದರೂ ಸಾವಿರ ಕಿಲೋಗ್ರಾಮಿಗೆ ನಾಲ್ಕು ಕಿಲೋಗ್ರಾಂ ನಷ್ಟ.

ಅವನು ಬೆಂಕಿಯನ್ನು ಬಿಟ್ಟು ಉಪ್ಪುನೀರನ್ನು ಹಿಡಿದನು. ನೂರು ಮಿಲಿಲೀಟರು ಸರಿಯಾಗಿ ಒಂದು ಗ್ರಾಂ ಬೆಳ್ಳಿಯನ್ನು ಗಷ್ಟಾಗಿ ಇಳಿಸುವಂತೆ ಅದನ್ನು ಕಲಸಿಟ್ಟನು. ಒಂದು ಗ್ರಾಂ ಬೆಳ್ಳಿ ಇರಬೇಕಾದಷ್ಟು ನಾಣ್ಯದ ಚೂರನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಅದಕ್ಕೆ ಆ ನೂರು ಮಿಲಿಲೀಟರನ್ನು ಸುರಿದು, ಸೀಸೆಗೆ ಬಿರಡೆ ಹಾಕಿ ಬಲವಾಗಿ ಕುಲುಕಿದರೆ, ಬಿಳಿಯ ಗಷ್ಟು ಮೊಸರಿನಂತೆ ಗರಣೆಗಟ್ಟಿ ಕೆಳಗಿಳಿಯುತ್ತದೆ. ಮೇಲೆ ತಿಳಿ ನಿಲ್ಲುತ್ತದೆ. ಬಳಿಕ ಹತ್ತರಲ್ಲೊಂದು ಸಾರದ ಉಪ್ಪುನೀರು ಒಂದು ಮಿಲಿಲೀಟರು. ತಿಳಿಯಲ್ಲಿ ಮಬ್ಬು ಕವಿಯಿತೆ? ಹಾಗಾದರೆ ಬೆಳ್ಳಿ ಇನ್ನೂ ಉಳಿದಿದೆ. ಕುಲುಕಿ ಮತ್ತೊಂದು ಮಿಲಿಲೀಟರು ಹಾಕಬೇಕು. ಮಬ್ಬಿಗೆ ಕಾರಣವಾದ ಪ್ರತಿಯೊಂದು ಮಿಲಿಲೀಟರಿಗೂ ಒಂದು ಮಿಲಿಗ್ರಾಂ ಬೆಳ್ಳಿ. ಬೆಚ್ಚಗಾದರೆ ಉಪ್ಪುನೀರು ಹಿಗ್ಗಿ ಲೆಕ್ಕ ತಪ್ಪುವುದರಿಂದ, ಉಷ್ಣತೆಗೆ ತಕ್ಕ ತಿದ್ದುಪಡಿಯ ಪಟ್ಟಿಗಳನ್ನೂ ಅವನೇ ಸಿದ್ಧಗೊಳಿಸಿದನು.

ಒಮ್ಮೆ ಪೆಟ್ಟುತಿಂದ ಕಣ್ಣುಗಳು ಕೂದಲೆಳೆಯಂಥ ಆ ಮಬ್ಬನ್ನು ಹುಡುಕುತ್ತಿದ್ದುವೆಂದು ನೆನೆದಾಗ ನನಗೆ ನನ್ನ ಕೆಟ್ಟ ಮಧ್ಯಾಹ್ನದ ಬಗ್ಗೆ ನಾಚಿಕೆಯಾಗುತ್ತದೆ.

1832ರಲ್ಲಿ ಈ ಕ್ರಮವನ್ನೆಲ್ಲ ಬರೆದು ಪ್ರಕಟಿಸಿದನು. 1850ರ ಮೇ 9ರಂದು ಪ್ಯಾರಿಸಿನಲ್ಲಿ ತೀರಿಕೊಂಡನು. ಬೆಳ್ಳಿಯ ಪರೀಕ್ಷೆಗೆ ಉಪ್ಪುನೀರು ಇಂದಿಗೂ ಬಳಕೆಯಲ್ಲಿದೆ. ಕೊನೆಯ ಹನಿಯನ್ನು ಗುರುತಿಸುವ ಕೆಲಸ ಮಾತ್ರ ಕಣ್ಣಿನಿಂದ ವಿದ್ಯುತ್ ಮಾಪಕಕ್ಕೆ ಸೇರಿದೆ.