ಗುಬ್ಬಿಯೊಂದು ತೋರಿದ ದಾರಿ: ಪಕ್ಷಿತಜ್ಞ ಡಾ. ಸಲೀಂ ಅಲಿ

ನಿಸರ್ಗದ ಪರಿಚಯವು ಮಗುವಿಗೆ ಪಾಠದಿಂದಲ್ಲ, ಪ್ರಶ್ನೆಯಿಂದ ಆರಂಭವಾಗುತ್ತದೆ. ಆ ಪ್ರಶ್ನೆಗೆ ಹಿರಿಯರು ಹೇಗೆ ಓಗೊಡುತ್ತಾರೆ ಎಂಬುದರ ಮೇಲೆ ಅದರ ಮುಂದಿನ ಬೆಳವಣಿಗೆ ನಿಂತಿರುತ್ತದೆ. ಮಹಾನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಈ ಮಾತನ್ನು ಮನವರಿಕೆ ಮಾಡಿಕೊಡುವ ಬದುಕೊಂದು ಇದೇ ಮುಂಬಯಿಯಲ್ಲಿ ಅರಳಿತ್ತು. ಅದು ಭಾರತದ ಪಕ್ಷಿಶಾಸ್ತ್ರದ ಹಿರಿಯಜ್ಜ ಡಾ. ಸಲೀಂ ಅಲಿಯವರ ಬದುಕು.

1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಸಲೀಂ ಅಲಿಯವರು ಮನೆಯ ಮಕ್ಕಳಲ್ಲಿ ಕಿರಿಯರು. ಮೂರು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಅವರು ಖೇತ್‌ವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದರು. ಮಾವ ಬೇಟೆಯ ಹವ್ಯಾಸಿ. ಹುಡುಗನಿಗೂ ಒಂದು ಏರ್‌ಗನ್ ದೊರೆಯಿತು; ಗುಬ್ಬಿಗಳಿಗೆ ಗುರಿಯಿಡುವುದೇ ಆಟವಾಯಿತು. ಒಮ್ಮೆ ಹೊಡೆದುರುಳಿಸಿದ ಗುಬ್ಬಿಯ ಕತ್ತಿನ ಮೇಲೆ ಹಳದಿ ಬಣ್ಣದ ಮಚ್ಚೆಯಿತ್ತು. ಬೇರೆ ಗುಬ್ಬಿಗಳಿಗಿಲ್ಲದ ಈ ಗುರುತು ಹುಡುಗನ ಕುತೂಹಲವನ್ನು ಕೆರಳಿಸಿತು. ಅದು ಯಾವ ಹಕ್ಕಿಯೆಂದು ಮಾವನಿಗೂ ತಿಳಿಯಲಿಲ್ಲ. ಆದರೆ ಅವರು ಹುಡುಗನನ್ನು ಸುಮ್ಮನಿರೆಂದು ಗದರಲಿಲ್ಲ. ಪರಿಚಯಪತ್ರವೊಂದನ್ನು ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು.

1883ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಗೌರವ ಕಾರ್ಯದರ್ಶಿಯಾಗಿದ್ದವರು ಡಬ್ಲ್ಯು. ಎಸ್. ಮಿಲ್ಲರ್ಡ್ ಎಂಬ ಆಂಗ್ಲ ವ್ಯಾಪಾರಿ. ಸತ್ತ ಗುಬ್ಬಿಯನ್ನು ಹಿಡಿದು ಅಳುಕುತ್ತ ನಿಂತ ಹುಡುಗನನ್ನು ಅವರು ಆದರದಿಂದ ಬರಮಾಡಿಕೊಂಡರು. ಅದು ಹಳದಿ ಕತ್ತಿನ ಗುಬ್ಬಿಯೆಂದು ತಿಳಿಸಿದ್ದಲ್ಲದೆ, ಸಂಗ್ರಹದ ಪೆಟ್ಟಿಗೆಗಳನ್ನು ತೆರೆದು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನು ಕೊಟ್ಟರು. ಹಕ್ಕಿಯ ಚರ್ಮ ಸುಲಿದು ಕೆಡದಂತೆ ಇಡುವ, ಕಂಡದ್ದನ್ನು ಬರೆದಿಡುವ ಕ್ರಮವನ್ನು ಕಲಿಯಲು ಅನುವು ಮಾಡಿಕೊಟ್ಟರು. ಕೊಲ್ಲುವ ಆಟವು ಅರಿಯುವ ಶಿಸ್ತಾಗಿ ಮಾರ್ಪಟ್ಟದ್ದು ಅಲ್ಲಿ.

ಈ ಹುಡುಗ ಶಾಲೆಯಲ್ಲಿ ಜಾಣನೆನಿಸಿಕೊಂಡವನಲ್ಲ ಎಂಬುದು ಗಮನಾರ್ಹ. ತಲೆನೋವಿನ ಬಾಧೆಯಿಂದ ಓದು ಕುಂಟಿತು. 1913ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ಹೇಗೋ ಪಾರಾದದ್ದಾಯಿತು. ಕಾಲೇಜು ತೊರೆದು ಬರ್ಮಾದ ತವಾಯ್‌ಗೆ ಹೋಗಿ ಕುಟುಂಬದ ಗಣಿ ಮತ್ತು ಮರದ ವ್ಯವಹಾರ ನೋಡಿಕೊಂಡರು. ವ್ಯಾಪಾರ ಕೈಹಿಡಿಯಲಿಲ್ಲ, ಕಾಡು ಕೈಹಿಡಿಯಿತು. 1917ರಲ್ಲಿ ಮರಳಿ ಬಂದು ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿತರಾದರೂ ವಿಶ್ವವಿದ್ಯಾಲಯದ ಪದವಿ ಅವರ ಪಾಲಿಗೆ ಬರಲಿಲ್ಲ.

1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ನಿಸರ್ಗ ವಿಭಾಗದಲ್ಲಿ, ಬಂದವರಿಗೆ ಪ್ರಾಣಿಪಕ್ಷಿಗಳನ್ನು ವಿವರಿಸಿ ಹೇಳುವ ಉದ್ಯೋಗ ಅವರಿಗೆ ದೊರೆಯಿತು. ಮಿಲ್ಲರ್ಡ್ ತಮಗೆ ಮಾಡಿದ್ದನ್ನು ಈಗ ಅವರು ಇತರರಿಗೆ ಮಾಡಬೇಕಾಗಿತ್ತು. ಆದರೆ ಗಾಜಿನ ಹಿಂದಿನ ಹಕ್ಕಿಗಳು ಅವರನ್ನು ಬಹುಕಾಲ ಹಿಡಿದಿಡಲಿಲ್ಲ. ಬರ್ಲಿನ್‌ಗೆ ತೆರಳಿ ಪ್ರೊ. ಎರ್ವಿನ್ ಸ್ಟ್ರೆಸ್‌ಮನ್ನರ ಬಳಿ ಅಭ್ಯಾಸ ಮಾಡಿ 1930ರಲ್ಲಿ ಹಿಂದಿರುಗಿದಾಗ ಹಣದ ಕೊರತೆಯಿಂದ ಆ ಹುದ್ದೆಯೇ ರದ್ದಾಗಿತ್ತು. ಎದೆಗುಂದದೆ ಪತ್ನಿ ತೆಹ್ಮಿನಾರೊಡನೆ ಅಲಿಬಾಗ್ ಸಮೀಪದ ಕಿಹೀಮ್‌ನಲ್ಲಿ ನೆಲೆಸಿ, ಮಳೆಗಾಲದಲ್ಲಿ ಗೀಜುಗದ ಹಕ್ಕಿಗಳನ್ನು ದಿನವೂ ಗಮನಿಸಿದರು. ಗಂಡು ಹಕ್ಕಿ ಅರ್ಧ ಗೂಡು ಹೆಣೆದು ಕಾಯುತ್ತದೆ, ಹೆಣ್ಣು ಪರೀಕ್ಷಿಸಿ ಒಪ್ಪಿದರಷ್ಟೇ ಗೂಡು ಪೂರ್ತಿಯಾಗುತ್ತದೆ, ಆಮೇಲೆ ಅದೇ ಗಂಡು ಮತ್ತೊಂದು ಗೂಡಿಗೆ ತೊಡಗುತ್ತದೆ ಎಂಬ ಸಂಗತಿಯನ್ನು ಅವರು ವಿವರವಾಗಿ ದಾಖಲಿಸಿದರು. ಇದಕ್ಕೆ ಪ್ರಯೋಗಾಲಯ ಬೇಕಾಗಲಿಲ್ಲ, ತಾಳ್ಮೆ ಬೇಕಾಯಿತು.

ಕನ್ನಡಿಗರಾದ ನಮಗೆ ಅವರ ಋಣ ಇನ್ನಷ್ಟು ಹತ್ತಿರದ್ದು. ಹೈದರಾಬಾದ್, ತಿರುವಾಂಕೂರುಗಳ ಬಳಿಕ ಮೈಸೂರು ಸಂಸ್ಥಾನದ ಪಕ್ಷಿಸಂಕುಲವನ್ನೂ ಅವರು ಸಮೀಕ್ಷೆ ಮಾಡಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡುಕಟ್ಟುವುದನ್ನು ಕಂಡು ಅವರು ನೀಡಿದ ಸಲಹೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ರಜೆಗೆ ಊರಿಗೆ ಹೋದಾಗ ನಮ್ಮ ಮಕ್ಕಳು ದೋಣಿಯಲ್ಲಿ ಕುಳಿತು ಕೊಕ್ಕರೆಗಳನ್ನು ಎಣಿಸುವ ಭಾಗ್ಯದ ಹಿಂದೆ ಖೇತ್‌ವಾಡಿಯ ಆ ಹುಡುಗನಿದ್ದಾನೆ.

1941ರಲ್ಲಿ ಪ್ರಕಟವಾದ ಅವರ ಸಚಿತ್ರ ಭಾರತೀಯ ಪಕ್ಷಿಗಳ ಪುಸ್ತಕವು ಸಾಮಾನ್ಯ ಓದುಗನ ಕೈಗೆ ಪಕ್ಷಿಲೋಕದ ಬೀಗದ ಕೈಯನ್ನಿತ್ತಿತು. ಡಿಲನ್ ರಿಪ್ಲೆಯವರೊಡನೆ ರಚಿಸಿದ 10 ಸಂಪುಟಗಳ ಕೈಪಿಡಿ ವಿದ್ವಾಂಸರಿಗೆ ಆಧಾರವಾಯಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭಾ ಸದಸ್ಯತ್ವ ಅವರನ್ನು ಅರಸಿ ಬಂದವು. 1985ರಲ್ಲಿ ಹೊರಬಂದ ಆತ್ಮಕಥೆಗೆ ಅವರು ಇಟ್ಟ ಹೆಸರಿನಲ್ಲಿಯೂ ಇದ್ದದ್ದು ಗುಬ್ಬಿಯೇ. 1987ರ ಜೂನ್ 20ರಂದು ತೊಂಬತ್ತರ ವಯಸ್ಸಿನಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು.

ಎಲ್ಲ ಮಕ್ಕಳೂ ಸಲೀಂ ಅಲಿ ಆಗಬೇಕಿಲ್ಲ, ಆಗಲಾರರು ಕೂಡ. ಆದರೆ ಕಿಟಕಿಯ ಸರಳಿನ ಮೇಲೆ ಕುಳಿತ ಹಕ್ಕಿಯ ಹೆಸರೇನೆಂದು ಮಗು ಕೇಳುವ ದಿನ ಪ್ರತಿ ಮನೆಯಲ್ಲೂ ಒಂದಿರುತ್ತದೆ. ಅಂದು ನಮಗೆ ಉತ್ತರ ತಿಳಿದಿರಲೇಬೇಕೆಂದಿಲ್ಲ. ಅಮೀರುದ್ದೀನರಿಗೂ ತಿಳಿದಿರಲಿಲ್ಲ. ತಿಳಿದವರ ಬಾಗಿಲವರೆಗೆ ಮಗುವನ್ನು ಕಳುಹಿಸುವಷ್ಟು ಪುರುಸೊತ್ತು ಅವರಿಗಿತ್ತು; ಆ ಪುರುಸೊತ್ತು ನಮಗೂ ಇರಲಿ.