ಹೇರ್‌ಪಿನ್ನಿಗೂ ಪಾಠ ಬರೆದ ತೆರೇಸ್

ಹುತ್ರಿದುರ್ಗದ ಬುಡದ ನಮ್ಮ ಕಡೆ ಮನೆಗಳಲ್ಲಿ ಟಿ.ವಿ. ಮೇಲಿನ ಹೊದಿಕೆ, ಬಾಗಿಲ ತೋರಣ ಎಂದು ಕ್ರೋಶಾ ಹೆಣಿಗೆ ಈಗಲೂ ಕಾಣುತ್ತದೆ. ಪದವಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಾ ಕುಳಿತ ದಿನಗಳಲ್ಲಿ ನಾನೂ ಚಿಕ್ಕಮ್ಮನ ಪಕ್ಕ ಕೊಕ್ಕೆ ಕಡ್ಡಿ ಹಿಡಿದೆ. ಅವರಿಗೆ ಗೊತ್ತಿದ್ದುದೆಲ್ಲ ವಾರದಲ್ಲೇ ಮುಗಿಯಿತು. ಮುಂದೇನು ಎಂದು ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿದವರು ತೆರೇಸ್ ದ ದಿಲ್ಮೊಂ.

ಹುಟ್ಟಿದ್ದು 1846ರಲ್ಲಿ, ಆಸ್ಟ್ರಿಯಾದ ವೀನರ್ ನೊಯ್‌ಶ್ಟಾಟ್‌ನಲ್ಲಿ. ತಂದೆ ಅಲ್ಲಿನ ಸೈನಿಕ ಅಕಾಡೆಮಿಯಲ್ಲಿ ಮೇಷ್ಟರು. ಆ ಕಾಲದ ಒಳ್ಳೆಯ ಮನೆತನದ ಹುಡುಗಿಗೆ ಹೊಲಿಗೆ, ಕಸೂತಿ ಬಂದರೆ ಅದು ಮದುವೆಗೆ ಒಂದು ಅರ್ಹತೆ, ಅಷ್ಟೆ. ತೆರೇಸ್ ಅದನ್ನೇ ವೃತ್ತಿ ಮಾಡಿಕೊಂಡರು. 1880ರ ದಶಕದಲ್ಲಿ ಅಲ್ಸಾಸ್‌ನ ಮ್ಯುಲೂಸ್ ಬಳಿಯ ಡೋರ್ನಾಕ್‌ಗೆ ಬಂದು ಕಸೂತಿ ಶಾಲೆ ತೆರೆದರು. ಅಲ್ಲಿದ್ದುದು 1746ರಲ್ಲಿ ಶುರುವಾದ ಡಿಎಂಸಿ ನೂಲಿನ ಕಂಪನಿ. ಇಂದು ಆರಿ ಕೆಲಸ ಕಲಿಯುವ ನಮ್ಮ ಹುಡುಗಿಯರಿಗೂ ಪರಿಚಿತವಾದ ಅದೇ ಡಿಎಂಸಿ. ಅದರ ಮುಖ್ಯಸ್ಥ ಜಾನ್ ದೊಲ್ಫಸ್ ಜೊತೆ ಅವರು ವ್ಯವಹಾರ ಕುದುರಿಸಿದರು. ನೂಲು ಕಂಪನಿಯದು, ಕೈ ಇವರದು.

1886ರಲ್ಲಿ ಅವರ ಕೈಕಸುಬಿನ ವಿಶ್ವಕೋಶ ಹೊರಬಂತು. ಹರಿದ ಬಟ್ಟೆಗೆ ತೇಪೆ ಹಾಕುವುದರಿಂದ ಹಿಡಿದು ಲೇಸಿನವರೆಗೆ ಎಲ್ಲವೂ ಅದರಲ್ಲಿದೆ, ಜೊತೆಗೆ ನೂರಾರು ಚಿತ್ರಗಳು. ನನ್ನನ್ನು ಹಿಡಿದು ಕೂರಿಸಿದ್ದು ಕ್ರೋಶಾ ಅಧ್ಯಾಯ. ಸಾಮಾನ್ಯ ಕೊಕ್ಕೆಯಲ್ಲಿ ಒಂದು ಕುಣಿಕೆ ಮುಗಿದ ಮೇಲೆ ಇನ್ನೊಂದು. ಟುನೀಷಿಯನ್ ಕ್ರೋಶಾಕ್ಕೆ ಬೇಕಾದ ಕಡ್ಡಿ ಉದ್ದ, ಉದ್ದಕ್ಕೂ ಒಂದೇ ದಪ್ಪ, ತುದಿಯಲ್ಲಿ ಗುಂಡಿ. ಇಡೀ ಸಾಲಿನ ಕುಣಿಕೆಗಳನ್ನು ಕಡ್ಡಿಯ ಮೇಲೇ ಉಳಿಸಿಕೊಂಡು, ವಾಪಸು ಬರುವಾಗ ಎರಡೆರಡಾಗಿ ಇಳಿಸಬೇಕು. ಹೆಣಿಗೆಯನ್ನು ತಿರುಗಿಸುವ ಹಾಗಿಲ್ಲ. ಬಟ್ಟೆ ಕಂಬಳಿಯಂತೆ ಗಟ್ಟಿ ಬರುತ್ತದೆ. ಹೇರ್‌ಪಿನ್ ಕ್ರೋಶಾ ಇದಕ್ಕೆ ಪೂರ್ತಿ ಉಲ್ಟಾ. ಎರಡು ಕವಲಿನ ಕಂಬಿಗೆ ನೂಲು ಸುತ್ತಿ, ಮಧ್ಯದಲ್ಲಿ ಕೊಕ್ಕೆಯಿಂದ ಕಟ್ಟಿ, ಪ್ರತಿ ಹೊಲಿಗೆಗೂ ಕಂಬಿಯನ್ನೇ ತಿರುಗಿಸುತ್ತಾ ಹೋಗಬೇಕು. ಸಿಗುವುದು ಜಾಲರಿಯಂಥ ಪಟ್ಟಿ. ಅಂಥ ಪಟ್ಟಿಗಳನ್ನು ಜೋಡಿಸಿದರೆ ಶಾಲು.

ಯಾವ ಕೆಲಸಕ್ಕೆ ಡಿಎಂಸಿಯ ಯಾವ ನೂಲು ಎಂದು ಪುಸ್ತಕ ಹೆಜ್ಜೆಹೆಜ್ಜೆಗೂ ಹೇಳುತ್ತದೆ. ಜಾಹೀರಾತೇ ತಾನೆ ಎಂದು ಮೊದಲು ನನಗೆ ಕಿರಿಕಿರಿಯಾಯಿತು. ಆದರೆ ಪಾಠದಲ್ಲಿ ಮೋಸವಿಲ್ಲ, ಯಾವ ನೂಲು ಹಾಕಿದರೂ ಹೆಣಿಗೆ ಬರುತ್ತದೆ. ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಯುರೋಪಿನ ದೊಡ್ಡ ನಗರಗಳಲ್ಲಿ ಅವರ ಹೆಸರಿನ ಅಂಗಡಿಗಳಾದವು.

1889ರಲ್ಲಿ ವಿಯೆನ್ನಾದ ವ್ಯಾಪಾರಿಯೊಬ್ಬರನ್ನು ಮದುವೆಯಾದರು. ಮರುವರ್ಷ ಮೇ ತಿಂಗಳಲ್ಲಿ ಬಾಡೆನ್ ಬಾಡೆನ್‌ನಲ್ಲಿ ತೀರಿಕೊಂಡರು. ಆಗ 43 ವರ್ಷ. ಅದೇ ಹೆಸರಿನ ಸೋದರ ಸಂಬಂಧಿ ಹುಡುಗಿ ಅಂಗಡಿಗಳನ್ನು ಮುಂದುವರಿಸಿದಳು. ಹಾಗಾಗಿ ಎಷ್ಟೋ ಗಿರಾಕಿಗಳಿಗೆ ಮೊದಲನೆಯ ತೆರೇಸ್ ಹೋದದ್ದೇ ಗೊತ್ತಾಗಿರಲಿಕ್ಕಿಲ್ಲ.

ಪುಸ್ತಕದ ಇಂಗ್ಲಿಷ್ ರೂಪ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿದೆ. ಹೇರ್‌ಪಿನ್ ಕಂಬಿ ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗಲಿಲ್ಲ. ಹಳೇ ಸೈಕಲ್ಲಿನ ಕಡ್ಡಿಯೊಂದನ್ನು ಬಗ್ಗಿಸಿಕೊಂಡೆ. ಒಂದು ಮೊಳ ಪಟ್ಟಿ ಆಗಿದೆ, ಒಂದು ಬದಿ ಸಡಿಲ. ಚಿಕ್ಕಮ್ಮ ಅದನ್ನು ಎರಡು ಸಲ ತಿರುಗಿಸಿ ನೋಡಿ, ಕಂಬಿಯನ್ನು ತಾವೇ ಇಟ್ಟುಕೊಂಡಿದ್ದಾರೆ.