ವಿಮಾನಶಿಲ್ಪಿ ಕುರ್ಟ್ ಟ್ಯಾಂಕ್

ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಹೆಸರನ್ನು ಕೇಳದ ಕನ್ನಡ ಮನೆ ನಮ್ಮ ಸೀಮೆಯಲ್ಲಿ ವಿರಳ. ಆ ಕಾರ್ಖಾನೆಗೆ 1956ರಲ್ಲಿ ಬಂದು, ಭಾರತದ ಪ್ರಥಮ ಜೆಟ್ ಯುದ್ಧವಿಮಾನವನ್ನು ರೂಪಿಸಿದವರು ಜರ್ಮನಿಯ ಕುರ್ಟ್ ಟ್ಯಾಂಕ್ ಅವರು.

ಟ್ಯಾಂಕ್ ಅವರ ಜನನ 1898ರ ಫೆಬ್ರವರಿ 24ರಂದು, ಅಂದು ಜರ್ಮನಿಗೆ ಸೇರಿದ್ದು ಇಂದು ಪೋಲೆಂಡಿನಲ್ಲಿರುವ ಬ್ರೋಂಬೆರ್ಗ್ ಪಟ್ಟಣದಲ್ಲಿ. ಮೊದಲ ಮಹಾಯುದ್ಧದಲ್ಲಿ ಅಶ್ವದಳದಲ್ಲಿದ್ದು, ಬಳಿಕ ಬರ್ಲಿನ್ನಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿ, 1931ರಲ್ಲಿ ಫೋಕೆ-ವುಲ್ಫ್ ಸಂಸ್ಥೆಯನ್ನು ಸೇರಿದರು. ತಾವು ರಚಿಸಿದ ವಿಮಾನಗಳನ್ನು ತಾವೇ ಹಾರಿಸಿ ಪರೀಕ್ಷಿಸುವ ಧೈರ್ಯ ಅವರಿಗಿತ್ತು.

ಆ ಕಾಲದ ಎಂಜಿನ್ನುಗಳಿಗೆ ತಾಪವೇ ದೊಡ್ಡ ಪೀಡೆ. ಅವನ್ನು ತಣಿಸಲು ಗಾಳಿಯನ್ನು ಒಳಗೆ ಬಿಟ್ಟರೆ ವಿಮಾನದ ವೇಗ ಕುಗ್ಗುತ್ತಿತ್ತು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಮೆರೆಡಿತ್ ಎಂಬುವರು ಈ ನಷ್ಟವನ್ನೇ ಲಾಭವಾಗಿಸಬಹುದೆಂದು 1935ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಳಬಂದ ಗಾಳಿ ಅಗಲವಾಗುತ್ತ ಹೋಗುವ ಕೊಳವೆಯಲ್ಲಿ ನಿಧಾನಗೊಂಡು ಒತ್ತಡ ಪಡೆಯುತ್ತದೆ. ಎಂಜಿನ್ನಿನ ಶಾಖದಿಂದ ಹಿಗ್ಗುತ್ತದೆ. ಹಿಂದಿನ ಕಿರಿದಾದ ಬಾಯಿಯಿಂದ ರಭಸದಿಂದ ಹೊರನುಗ್ಗಿ ವಿಮಾನವನ್ನು ಮುಂದಕ್ಕೆ ದೂಡುತ್ತದೆ. ಊದಿದ ಬೆಲೂನನ್ನು ಬಾಯಿ ಕಟ್ಟದೆ ಕೈಬಿಟ್ಟು ನೋಡಿದ ಮಕ್ಕಳಿಗೆ ಈ ನೂಕುಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವೇಗ ಹೆಚ್ಚಿದ್ದರೆ ಮಾತ್ರ ಇದರ ಫಲ. ಅಮೆರಿಕದ ಮಸ್ಟಾಂಗ್ ವಿಮಾನದಲ್ಲಿ ಈ ತತ್ತ್ವ ಚೆನ್ನಾಗಿ ಕೈಗೂಡಿತು.

ಟ್ಯಾಂಕ್ ಅವರ ಎಫ್.ಡಬ್ಲ್ಯು. 190 ವಿಮಾನದ ಮೊದಲ ಮಾದರಿಯ ಹಿಂದೆಯೂ ಇದೇ ಆಸೆಯಿತ್ತು. ಪ್ರೊಪೆಲ್ಲರಿನ ನಡುವಣ ಮೂತಿಯಲ್ಲಿ ದೊಡ್ಡ ರಂಧ್ರವಿರಿಸಿ ಅದರ ಮೂಲಕ ಗಾಳಿಯನ್ನು ಎಂಜಿನ್ನಿಗೆ ತಂದರು. 1939ರ ಜೂನ್ 1ರಂದು ವಿಮಾನ ಹಾರಿದಾಗ ಚಾಲಕನ ಕೋಣೆಯ ಉಷ್ಣತೆ 55 ಡಿಗ್ರಿಗೆ ಏರಿತು! ನಮ್ಮ ಸೇಲಂ ಬೇಸಿಗೆಯೂ ಅದರ ಮುಂದೆ ತಂಪೇ ಸರಿ. ಟ್ಯಾಂಕ್ ಅವರು ಹಟ ಹಿಡಿಯಲಿಲ್ಲ. ರಂಧ್ರವನ್ನು ಕೈಬಿಟ್ಟು, ಪ್ರೊಪೆಲ್ಲರಿಗಿಂತ ಸುಮಾರು ಮೂರು ಪಟ್ಟು ವೇಗದಲ್ಲಿ ತಿರುಗುವ ಬೀಸಣಿಗೆಯನ್ನು ಎಂಜಿನ್ನಿನ ಮುಂದೆ ಅಳವಡಿಸಿದರು. ವಿಮಾನ ಸುಧಾರಿಸಿತು. ಅದು ದುಡಿದದ್ದು ಹಿಟ್ಲರನ ಯುದ್ಧಕ್ಕೆ ಎಂಬುದನ್ನು ಅವರ ಜೀವನಚರಿತ್ರೆಯಲ್ಲಿ ಮರೆಮಾಚುವುದು ಸಲ್ಲದು.

ಯುದ್ಧಾನಂತರ ಅರ್ಜೆಂಟೀನದಲ್ಲಿ ಕೆಲಕಾಲವಿದ್ದು ಬೆಂಗಳೂರಿಗೆ ಬಂದರು. ಅಂದು ಹೊಸೂರು ಇನ್ನೂ ಸೇಲಂ ಜಿಲ್ಲೆಯ ತಾಲ್ಲೂಕು. ಅಲ್ಲಿಂದ 40 ಕಿಲೋಮೀಟರ್ ದೂರದಲ್ಲಿ, ನಮ್ಮವರೇ ಆದ ತರುಣ ಎಂಜಿನಿಯರುಗಳೊಡನೆ ಅವರು ರಚಿಸಿದ ಎಚ್.ಎಫ್. 24 ಮಾರುತ್ 1961ರ ಜೂನ್ 17ರಂದು ಹಾರಿತು. ಇಲ್ಲಿಯೂ ಎಂಜಿನ್ನೇ ಅಡ್ಡಿ. ಒಡಲು ಇನ್ನೂ ಹೆಚ್ಚಿನ ವೇಗಕ್ಕೆ ಸಿದ್ಧವಿತ್ತು. ತಕ್ಕ ಶಕ್ತಿಯ ಎಂಜಿನ್ ಕೊನೆಗೂ ದೊರೆಯಲಿಲ್ಲ. ಆದರೂ ಒಟ್ಟು 147 ಮಾರುತ್‌ಗಳು ತಯಾರಾಗಿ, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು.

1967ರಲ್ಲಿ ಟ್ಯಾಂಕ್ ಅವರು ಭಾರತವನ್ನು ಬಿಟ್ಟು, 1983ರ ಜೂನ್ 5ರಂದು ಮ್ಯೂನಿಕ್‌ನಲ್ಲಿ ನಿಧನರಾದರು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಮಾರುತ್ ನಿಂತಿದೆ. ಶಾಲಾ ಪ್ರವಾಸ ಹೋಗುವ ಮಕ್ಕಳಿಗೆ ಉಪಾಧ್ಯಾಯರು ಅದನ್ನು ತೋರಿಸಲಿ.